‘ನಿಲ್ಲಿಸಿಲ್ಲ ಸಾರ್, ಇಳೀತಾ ಇದೆ’

ಅಣೆಕಟ್ಟಿನ ಮೂರನೇ ಗೇಟ್, ತಾನು ಬಂದು ಕೂರಬೇಕಾದ ಸಿಲ್ ಬೀಮಿಗಿಂತ ಒಂದೂವರೆ ಮೀಟರ್ ಮೇಲೆ ನಿಂತುಬಿಟ್ಟಿತ್ತು. ನಾನು ಕೆಳಗೆ ಬೇಯಲ್ಲಿದ್ದೆ, ಅಂದರೆ ಎರಡು ಕಂಬಗಳ ನಡುವೆ ಗೇಟ್ ಇಳಿಯುವ ಜಾಗದಲ್ಲಿ. ವಾಕಿಯಲ್ಲಿ ಕೇಳಿದೆ: ‘ಯಾಕಪ್ಪಾ ನಿಲ್ಲಿಸಿದೆ?’ ಮೇಲಿನಿಂದ, ಗೇಟ್ ಎತ್ತಿಳಿಸುವ ಹಾಯ್ಸ್ಟ್ ಯಂತ್ರದ ಆಪರೇಟರ್ ಹೇಳಿದ: ‘ನಿಲ್ಲಿಸಿಲ್ಲ ಸಾರ್, ಇಳೀತಾ ಇದೆ.’

ಗೇಟ್ ಕೆಲಸ ಮಾಡಿದವರಿಗೆ ಈ ಎರಡು ಮಾತು ಸಾಕು, ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತದೆ. ನನಗೆ ಆವತ್ತು ಅದು ತಲೆಗೆ ಹೋಗಲು ಇಪ್ಪತ್ತು ಸೆಕೆಂಡ್ ಬೇಕಾಯಿತು. ಆ ಇಪ್ಪತ್ತು ಸೆಕೆಂಡಿನ ಬಗ್ಗೆಯೇ ಈ ಬರಹ.

ಜಲಾಶಯದ ಹೆಸರು ಬೇಡ. ಉತ್ತರ ಕರ್ನಾಟಕದ ಕಡೆಯದು, ದೊಡ್ಡದೇನಲ್ಲ, ಏಳು ಕ್ರೆಸ್ಟ್ ಗೇಟ್ (ಕ್ರೆಸ್ಟ್ ಅಂದರೆ ನೀರು ಉಕ್ಕಿ ಹರಿಯುವ ಅಂಚು, ಅದರ ಮೇಲಿನ ಬಾಗಿಲು). ಎಲ್ಲವೂ ಐವತ್ತು ವರ್ಷ ದಾಟಿದವು. ದಪ್ಪ ಅಳೆಯುವ ಯು.ಟಿ. ಗೇಜ್ ಇಟ್ಟು ನೋಡಿದರೆ 10 ಮಿಮೀ ಇರಬೇಕಾದ, ಗೇಟಿನ ಮುಖದ ಸ್ಕಿನ್ ಪ್ಲೇಟ್ ಕೆಲವು ಕಡೆ 6ಕ್ಕೆ ಬಂದಿತ್ತು. ಗೇಟುಗಳ ನಡುವಿನ ಕಂಬಗಳ, ಅಂದರೆ ಪಿಯರ್‌ಗಳ ಕಥೆಯೂ ಅಷ್ಟೇ. ಕನ್ನಂಬಾಡಿ ಕಟ್ಟೆಯ ಹಾಗೆ ಸುರ್ಕಿ ಗಾರೆಯ ಕಲ್ಲು ಕಟ್ಟಡ ಅಲ್ಲ, ಕಾಂಕ್ರೀಟ್. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಮೇಲಿನ ಕವರನ್ನೇ ಹೊರಗೆ ತಳ್ಳಿತ್ತು. ಸುತ್ತಿಗೆಯಲ್ಲಿ ತಟ್ಟಿದರೆ ಒಳ್ಳೆಯ ಜಾಗ ಟಣ್ ಅನ್ನುತ್ತದೆ, ಕೆಟ್ಟ ಜಾಗ ಒಡೆದ ಮಡಕೆಯ ಹಾಗೆ ಬೊದ್ದು ಸದ್ದು ಕೊಡುತ್ತದೆ. ಪಿಯರಿನಲ್ಲಿ ಗೇಟ್ ಜಾರುವ ಸೀಳು, ಅಂದರೆ ಗ್ರೂವ್, ಅದರ ಪಕ್ಕದಲ್ಲಂತೂ ಬರೀ ಮಡಕೆ.

ನಮ್ಮ ಟೆಂಡರ್ ಕಡತ ವರ್ಷಗಟ್ಟಲೆ ಮಲಗಿತ್ತು. ಅದನ್ನು ಎಬ್ಬಿಸಿದ್ದು ಹೊಸಪೇಟೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ, 60 ಅಡಿ ಅಗಲ 20 ಅಡಿ ಎತ್ತರದ ಗೇಟ್ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ 32 ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಗೇಟ್ ಇಲ್ಲದಾಗ ನೀರು ತಡೆಯಲು ಇಳಿಸುವ ತಾತ್ಕಾಲಿಕ ತಡೆ, ಸ್ಟಾಪ್‌ಲಾಗ್, ಸಿದ್ಧವಿರಲಿಲ್ಲ. ಅದನ್ನು ಹೊಸದಾಗಿ ಮಾಡಿಸಿ, ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ ನಿಲ್ಲಿಸಿದರು. ಆ ವಾರ ನಮ್ಮ ಲೈನಿನವರು ಯಾರೂ ಸರಿಯಾಗಿ ಊಟ ಮಾಡಿರಲಿಕ್ಕಿಲ್ಲ.

ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಮೇಲಕ್ಕೆ. ಚೈನ್, ರೋಪ್, ಶಾಕಲ್, ಡ್ರಮ್. ಯಾವ ಮೀಟಿಂಗಿಗೆ ಹೋದರೂ ರೋಪಿನ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿ ಅಂತ ಮೊದಲ ಪ್ರಶ್ನೆ. ನಾವೂ ಹೊಸ ರೋಪ್ ತರಿಸಿದೆವು, ಲೋಡ್ ಟೆಸ್ಟ್ ಮಾಡಿಸಿದೆವು, ಫೈಲ್ ದಪ್ಪ ಮಾಡಿದೆವು. ತಪ್ಪಲ್ಲ. ಆದರೆ ಗ್ರೂವ್ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ನಾನೇ. ಗ್ರೂವಿನ ಕಾಂಕ್ರೀಟ್ ಎರಕ ಹಾಕಿಸಿದವನೂ ನಾನೇ.

ಜನವರಿಯಲ್ಲಿ ಕೆಲಸ ಶುರುವಾದಾಗ ನೀರು ಇನ್ನೂ ಕ್ರೆಸ್ಟ್ ಮೇಲಿತ್ತು. ಸ್ಟಾಪ್‌ಲಾಗ್ ಇಳಿಸಿದರೂ ಸಂದಿಯಲ್ಲಿ ಸುರಿಯುತ್ತಿತ್ತು. ನಮ್ಮ ಹಿರಿಯ ಖಲಾಸಿ (ಎಲ್ಲರೂ ಕಾಕಾ ಅಂತಲೇ ಕರೆಯುವುದು) ಎರಡು ಚೀಲ ಭತ್ತದ ಹೊಟ್ಟು ಮತ್ತು ಬೂದಿ ತರಿಸಿ ಅಪ್‌ಸ್ಟ್ರೀಮ್ ಕಡೆಯಿಂದ ಸುರಿಸಿದರು. ನೀರೇ ಅದನ್ನು ಸಂದಿಗೆ ಎಳೆದುಕೊಂಡು ಹೋಗಿ ತುಂಬಿತು. ಅರ್ಧ ಗಂಟೆಯಲ್ಲಿ ಸೋರಿಕೆ ಮುಕ್ಕಾಲು ಪಾಲು ಕಡಿಮೆ. ನಾನು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಹೆಬ್ಬೆಟ್ಟಿನ ಚಿಹ್ನೆ ನನಗೆ ಬಂತು, ಕಾಕಾಗಲ್ಲ.

ಮಾರ್ಚ್, ಏಪ್ರಿಲ್ ಎರಡೂ ಚಿಪ್ಪಿಂಗ್, ರಾಡ್ ಉಜ್ಜುವುದು, ಬಾಂಡಿಂಗ್ ಕೋಟ್, ಮೈಕ್ರೋ ಕಾಂಕ್ರೀಟ್ ಇದರಲ್ಲೇ ಹೋಯಿತು. ಎಪಾಕ್ಸಿ ಕಲಸಿದ ಮೇಲೆ ಬಿಸಿಲಿಗೆ ಅದು ಕಾಯುವುದಿಲ್ಲ, ನಾವು ಓಡಬೇಕು. ಅದು ಹೇಗೋ ನಡೆಯಿತು.

ಎಡವಟ್ಟು ಆದದ್ದು ಮೂರನೇ ಬೇಯ ಸೆಕೆಂಡ್ ಸ್ಟೇಜ್ ಎರಕದಲ್ಲಿ. ಗೇಟ್ ಜಾರುವ ಹೊಸ ಟ್ರ್ಯಾಕ್, ಸೈಡ್ ಗೈಡ್ ಎರಡನ್ನೂ ಬ್ಲಾಕ್‌ಔಟಿನಲ್ಲಿ (ಎರಕಕ್ಕೆ ಬಿಟ್ಟ ಖಾಲಿ ಜಾಗ) ಆಂಕರ್ ಬೋಲ್ಟಿಗೆ ಕಟ್ಟಿ, ಪಿಯಾನೋ ವೈರ್ ಇಳಿಬಿಟ್ಟು, ಮಿಲಿಮೀಟರ್ ಲೆಕ್ಕದಲ್ಲಿ ಸರಿ ಮಾಡಿ, ಆಮೇಲೆ ಕಾಂಕ್ರೀಟ್ ತುಂಬುವುದು. ಒಂದು ಸಲಕ್ಕೆ 1.2 ಮೀಟರಿಗಿಂತ ಎತ್ತರ ಹೋಗಬೇಡಿ ಅಂತ ಮೆಥಡ್ ಸ್ಟೇಟ್‌ಮೆಂಟಿನಲ್ಲೇ ಇತ್ತು. ಆವತ್ತು ಬೆಳಗ್ಗೆ ಆರಕ್ಕೆ ಬರಬೇಕಿದ್ದ ಗಾಡಿ ಬಂದದ್ದು ಹನ್ನೊಂದಕ್ಕೆ. ನೆರಳಲ್ಲೇ 40 ಡಿಗ್ರಿ. ಡ್ರೈವರ್ ಅವಸರ ಮಾಡುತ್ತಿದ್ದ, ಮಾಲು ಬಿಗಿಯಾಗುತ್ತಿತ್ತು. ವಾಪಸ್ ಕಳಿಸಿದರೆ ಮುಂದಿನ ಗಾಡಿ ಮೂರು ದಿನ ಬಿಟ್ಟು. ‘ಪೂರ್ತಿ ತುಂಬಿಬಿಡಿ’ ಅಂದೆ. ಒಂದೇ ಏಟಿಗೆ ಮೂರು ಮೀಟರ್. ಮೇಸ್ತ್ರಿ ನನ್ನ ಮುಖ ನೋಡಿದ. ಏನೂ ಹೇಳದೆ ಕಾಂಕ್ರೀಟ್ ಅದುರಿಸಿ ಕೂರಿಸುವ ನೀಡಲ್ ಇಳಿಸಿದ.

ಮರುದಿನ ಎರಕದ ಅಚ್ಚಿನ ಶಟರ್ ಬಿಚ್ಚಿ ಅಳೆದೆ. ಮೇಲೆ ಸರಿ, ಕೆಳಗೆ ಸರಿ. ಇನ್ಸ್‌ಪೆಕ್ಷನ್ ಫಾರ್ಮಿನಲ್ಲಿ ಇದ್ದದ್ದು ಎರಡೇ ಚೌಕ: ‘ಟಾಪ್’, ‘ಬಾಟಮ್’. ಎರಡೂ ತುಂಬಿಸಿ ಸಹಿ ಹಾಕಿದೆ. ನಡುವೆ ಅಳೆಯಲಿಲ್ಲ. ಅಳೆಯಲು ಏಣಿ ಬೇಕಿತ್ತು. ಏಣಿ ಐದನೇ ಬೇಯಲ್ಲಿತ್ತು. ನಿಜ ಹೇಳಬೇಕೆಂದರೆ ಇಷ್ಟೇ ಕಾರಣ.

ಮೇ ಕೊನೆಯ ವಾರ. ಮಾರನೆ ದಿನ ದೊಡ್ಡ ಸಾಹೇಬರ ವಿಸಿಟ್. ಮೂರು ಗೇಟ್ ಇಳಿದಿರಬೇಕು ಅಂತ ಆಫೀಸಿನಿಂದ ಬೆಳಗ್ಗೆಯಿಂದ ನಾಲ್ಕು ಫೋನ್. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಹಾಯ್ಸ್ಟ್ ಪ್ಯಾನೆಲ್ ವೈರಿಂಗ್ ಇನ್ನೂ ಪೂರ್ತಿ ಆಗಿರಲಿಲ್ಲ, ಹಗ್ಗ ಸಡಿಲ ಬಿದ್ದರೆ ಮೋಟಾರ್ ನಿಲ್ಲಿಸುವ ಸ್ಲ್ಯಾಕ್ ರೋಪ್ ಸ್ವಿಚ್ ಪ್ಯಾಕಿಂಗ್ ಡಬ್ಬದಲ್ಲೇ ಕೂತಿತ್ತು. ‘ಸುಮ್ನೆ ಒಂದ್ಸಲ ಡ್ರೈ ಆಗಿ ಇಳಿಸಿ ನೋಡೋಣ, ನೀರಂತೂ ಕ್ರೆಸ್ಟಿಗಿಂತ ಕೆಳಗಿದೆ’ ಅಂತ ನಿರ್ಧಾರ ಮಾಡಿದ್ದು ನಾನು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಸಿಲ್ ಮೇಲೆ ಕಾಂಕ್ರೀಟ್ ಪುಡಿ ಬಿದ್ದಿತ್ತು. ಗೇಟ್ ಕೂತರೆ ಬಾಟಮ್ ಸೀಲ್ ಹಾಳು. ಇಬ್ಬರು ಹುಡುಗರಿಗೆ ‘ಎರಡು ನಿಮಿಷ, ಗುಡಿಸಿ ಬಂದುಬಿಡಿ’ ಅಂದೆ. ಗೇಟ್ ಇಳಿಯುತ್ತಿರುವಾಗಲೇ. ಇಳಿಯುವ ವೇಗ ನಿಮಿಷಕ್ಕೆ ಅರ್ಧ ಮೀಟರ್ ಇಲ್ಲ, ಬೇಕಾದಷ್ಟು ಟೈಮ್ ಇದೆ ಅಂತ ನನ್ನ ಲೆಕ್ಕ.

ನನ್ನ ಕಣ್ಣು ಎಡಗಡೆಯ ಸೀಲ್ ಮೇಲಿತ್ತು. ಟೆಫ್ಲಾನ್ ಹಾಕಿದ, ಮ್ಯೂಸಿಕ್ ನೋಟ್ ಆಕಾರದ ರಬ್ಬರ್ ಸೀಲ್, ಸೀಟಿಗೆ ಹದವಾಗಿ ಒತ್ತಿಕೊಂಡು ಬರುತ್ತಿತ್ತು. ನೋಡಲು ಖುಷಿಯಾಗುತ್ತಿತ್ತು. ಆಮೇಲೆ ಬರುವುದು ನಿಂತಿತು. ಆಗ ಆ ಮಾತುಕತೆ ನಡೆದದ್ದು.

‘ಇಳೀತಾ ಇದೆ’ ಅಂದಾಗ ಏನು ಅಂದುಕೊಂಡೆ ಗೊತ್ತಾ? ವಾಕಿ ಸಿಗ್ನಲ್ ತಡ ಅಂದುಕೊಂಡೆ. ಮೇಲೆ ಮೋಟಾರಿನ ಗುಂಯ್ ಸದ್ದು ಹಾಗೇ ಇದೆ. ಮುಂದೆ ಗೇಟ್ ಅಲ್ಲಾಡುತ್ತಿಲ್ಲ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಅಂತ ನನ್ನ ತಲೆ ಸುಮ್ಮನೆ ಒಂದನ್ನು ತಳ್ಳಿಹಾಕಿತು. ‘ಸರಿ, ಬಿಡ್ತಾ ಇರು’ ಅಂದೆ. ಹೌದು, ಅಂದೆ. ನಿಜವಾಗಿ ಆಗಿದ್ದು ಇಷ್ಟು: ಗೇಟ್ ಸಿಕ್ಕಿಕೊಂಡಿದೆ, ಡ್ರಮ್ ರೋಪ್ ಬಿಚ್ಚುತ್ತಲೇ ಇದೆ, ಗೇಟಿನ 16 ಟನ್ ತೂಕ ಈಗ ಹಗ್ಗದ ಮೇಲಿಲ್ಲ, ಗೈಡಿನ ಯಾವುದೋ ಒಂದು ಅಂಚಿನ ಮೇಲೆ ಕೂತಿದೆ. ಅಂಚು ಜಾರಿದರೆ ಸಡಿಲ ಬಿದ್ದಷ್ಟೂ ಉದ್ದಕ್ಕೆ ಗೇಟ್ ಬೀಳುತ್ತದೆ. ಕೊನೆಗೆ ಆ ಜಗ್ಗು ಸರ್ಟಿಫಿಕೇಟ್ ಇರುವ ಹೊಸ ರೋಪಿನ ಮೇಲೆ. ಕೆಳಗೆ ಇಬ್ಬರು ಪೊರಕೆ ಹಿಡಿದಿದ್ದಾರೆ.

ಮೇಲಿನಿಂದ ಕೂಗು ಬಂತು. ವಾಕಿಯಲ್ಲಲ್ಲ, ಬರೀ ಗಂಟಲಿನಲ್ಲಿ. ‘ಏ ತಮ್ಮಾ, ಬಟನ್ ಬಿಡೋ! ಹಗ್ಗ ಸಡ್ಲ ಬಿದ್ದೈತಿ!’ ಕಾಕಾ. ಮೋಟಾರ್ ನಿಂತಿತು. ಆಮೇಲೆ ನನಗೆ: ‘ಸಾಹೇಬ್ರ, ಹುಡುಗ್ರನ್ನ ಹೊರಗ ಕರೀರಿ. ಓಡಬ್ಯಾಡ್ರಿ ಅನ್ರಿ. ಗೇಟ್ ಮುಟ್ಟಬ್ಯಾಡ್ರಿ.’

ಕರೆಯಲು ಹೋದರೆ ನನಗೆ ದನಿಯೇ ಬರಲಿಲ್ಲ. ಕೈ ಬೀಸಿದೆ. ಒಬ್ಬ ತಕ್ಷಣ ಬಂದ. ಇನ್ನೊಬ್ಬ ಬಕೆಟ್ ತರಲು ತಿರುಗಿದ. ಬಕೆಟ್! ನಲವತ್ತು ರೂಪಾಯಿಯ ಪ್ಲಾಸ್ಟಿಕ್ ಬಕೆಟ್. ಅವನು ಅದನ್ನು ಎತ್ತಿಕೊಂಡು, ತಲೆ ಬಗ್ಗಿಸಿ, ನಿಧಾನವಾಗಿ ಹೊರಗೆ ಬರುವವರೆಗೆ ನಾನು ಗೇಟಿನ ಕೆಳ ಅಂಚನ್ನೇ ನೋಡುತ್ತಿದ್ದೆ. ನನ್ನ ಕಣ್ಣಿಗೆ ಅದು ನಾಲ್ಕು ಸಲ ಅಲುಗಿತು. ನಿಜಕ್ಕೂ ಒಂದು ಸಲವೂ ಅಲುಗಿರಲಿಲ್ಲ.

ಮುಂದಿನ ಎರಡು ಗಂಟೆ ನನ್ನದಲ್ಲ, ಕಾಕಾರದ್ದು. ಮೊದಲು ಇಂಚಿಂಗ್‌ನಲ್ಲಿ, ಅಂದರೆ ಚೂರುಚೂರೇ, ಮೇಲಕ್ಕೆ, ಎರಡು ಕಡೆಯ ಸಡಿಲವೂ ಹೋಗುವಷ್ಟು ಮಾತ್ರ. ಎಡಗಡೆ ಡ್ರಮ್ಮಿನಲ್ಲಿ ರೋಪ್ ಸುರುಳಿ ಬಿಟ್ಟು ಪಕ್ಕಕ್ಕೆ ಏರಿತ್ತು. ಅದನ್ನು ಬಾರ್ ಹಾಕಿ ತಳ್ಳಿ ಸಾಲಿಗೆ ತಂದರು. ರೋಪ್ ಬಿಗಿಯಾದ ಮೇಲೆ ಬ್ರಿಡ್ಜ್ ಗರ್ಡರಿಗೆ ಎರಡು ಚೈನ್ ಬ್ಲಾಕ್ ಕಟ್ಟಿದರು. ಆಮೇಲೆ ಎತ್ತಿದಾಗ ಗೇಟ್ ಧಡ್ ಎಂದು ಬಿಟ್ಟುಕೊಂಡಿತು. ಬಲಗಡೆ ಗೈಡಿನಿಂದ ಕಾಂಕ್ರೀಟ್ ಪುಡಿ ಉದುರಿತು. ಆ ಪುಡಿಯ ಬಣ್ಣ ನೋಡಿದಾಗಲೇ ಗೊತ್ತಾಯಿತು. ಹಳೆಯ ಕಾಂಕ್ರೀಟ್ ಅಲ್ಲ. ನನ್ನದು.

ರಾತ್ರಿ ಹ್ಯಾಲೊಜನ್ ಹಚ್ಚಿ, ಏಣಿ ತಂದು, ಅರ್ಧ ಅರ್ಧ ಮೀಟರಿಗೆ ಅಳೆದೆ. ಸಿಲ್‌ನಿಂದ 1.9 ಮೀಟರ್ ಎತ್ತರದಲ್ಲಿ ಬಲ ಗೈಡ್ 11 ಮಿಮೀ ಒಳಗೆ ಬಂದಿತ್ತು. ಎರಡೂ ಬದಿ ಸೇರಿ ನಮಗಿದ್ದ ಸಡಿಲ 8. ಮೂರು ಮೀಟರ್ ಹಸಿ ಕಾಂಕ್ರೀಟಿನ ಒತ್ತಡಕ್ಕೆ ನಡುವಿನ ಬೋಲ್ಟ್ ಸರಿದಿತ್ತು. ಎರಡು ತುದಿ ಗಟ್ಟಿ, ನಡು ಬಿಲ್ಲಿನ ಹಾಗೆ. ಟಾಪ್ ಓಕೆ. ಬಾಟಮ್ ಓಕೆ.

ಬ್ರೇಕರ್ ಇಟ್ಟರೆ ಉಳಿದ ಬೋಲ್ಟೂ ಅದುರುತ್ತವೆ ಅಂತ ಕೈ ಉಳಿಯಲ್ಲೇ ಒಡೆಸಿದೆವು. ಒಂಬತ್ತು ದಿನ. ನನ್ನ ಎರಕ ಎಷ್ಟು ಗಟ್ಟಿ ಅಂತ ಆಗ ತಿಳಿಯಿತು, ಹೆಮ್ಮೆ ಪಡುವ ಹಾಗಿರಲಿಲ್ಲ ಅಷ್ಟೇ. ಈ ಸಲ ಒಂದೊಂದು ಮೀಟರಿಗೆ ನಿಲ್ಲಿಸಿ, ಪ್ರತಿ ಸಲ ವೈರ್ ನೋಡಿ, ಮೈಕ್ರೋ ಕಾಂಕ್ರೀಟ್ ಹಾಕಿ, ಗೋಣಿಚೀಲ ಸುತ್ತಿ ರಾತ್ರಿಯೆಲ್ಲ ನೀರು ಬಿಟ್ಟೆವು. ಜೂನ್ ಎರಡನೇ ವಾರ ಒಳಹರಿವು ಶುರುವಾಗುವ ನಾಲ್ಕು ದಿನ ಮೊದಲು ಗೇಟ್ ಕೂತಿತು. ಸ್ಲ್ಯಾಕ್ ರೋಪ್ ಸ್ವಿಚ್ ಕೂರಿಸಿದ ಮೇಲೆಯೇ ಇಳಿಸಿದ್ದು.

ದೊಡ್ಡ ಸಾಹೇಬರ ವಿಸಿಟ್ ದಿನ ಎರಡು ಗೇಟ್ ತೋರಿಸಿದೆವು, ಮೂರನೆಯದು ‘ಟ್ರಯಲ್‌ನಲ್ಲಿದೆ’ ಅಂದೆವು. ಪ್ರೋಗ್ರೆಸ್ ರಿಪೋರ್ಟಿನಲ್ಲಿ ‘ಸಣ್ಣ ಅಲೈನ್‌ಮೆಂಟ್ ತಿದ್ದುಪಡಿ’ ಅಂತ ಹೋಯಿತು. ನಾನು ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅಪಘಾತ) ಅಂತ ಬೇರೆ ಬರೆದು ಕಳಿಸಿದ್ದೆ. ಅದಕ್ಕೆ ಇವತ್ತಿಗೂ ಉತ್ತರ ಇಲ್ಲ. ಫಾರ್ಮಿನಲ್ಲಿ ಪೆನ್ನಿನಿಂದ ನಡುವೆ ಐದು ಚೌಕ ಎಳೆದು ತುಂಬಿಸಿ ಕೊಟ್ಟೆ. ‘ಫಾರ್ಮ್ಯಾಟ್ ಬದಲಿಸಬೇಡಿ’ ಅಂತ ವಾಪಸ್ ಬಂತು. ಈಗ ಹಿಂದಿನ ಪುಟದಲ್ಲಿ ಬರೆಯುತ್ತೇನೆ. ಹಿಂದಿನ ಪುಟ ಯಾರೂ ನೋಡುವುದಿಲ್ಲ, ಹಾಗಾಗಿ ತಕರಾರೂ ಇಲ್ಲ. ಗೇಟ್ ಅಲ್ಲಾಡುವಾಗ ಬೇಯಲ್ಲಿ ಯಾರೂ ಇರಕೂಡದು ಅನ್ನುವುದಕ್ಕೆ ಮಾತ್ರ ಫಾರ್ಮ್ ಬೇಕಿಲ್ಲ, ಹಗ್ಗ ಕಟ್ಟಿ ಕಾವಲಿಗೆ ಒಬ್ಬನನ್ನು ನಿಲ್ಲಿಸುತ್ತೇನೆ.

ಆ ಬಕೆಟ್ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ನಾಲ್ಕನೇ ಗೇಟ್ ಇಳಿಸುವ ದಿನ ಸಿಲ್ ಗುಡಿಸಬೇಕಿತ್ತು. ಗೇಟ್ ಮೇಲೆ ಲಾಕ್ ಆಗಿತ್ತು, ಪವರ್ ಕೂಡ ಆಫ್. ‘ಹೋಗಪ್ಪಾ, ಈಗ ಹೋಗಬಹುದು’ ಅಂದೆ. ಅವನು ತಲೆ ಆಡಿಸಿದ, ಆದರೆ ನಿಂತಲ್ಲಿಂದ ಕದಲಲಿಲ್ಲ. ಬ್ರಿಡ್ಜ್ ಕಡೆ ಮುಖ ಎತ್ತಿ ಕೂಗಿದ: ‘ಕಾಕಾ, ಹೋಗ್ಲೇನ್ರಿ?’