ಸೇವಂತಿ, ಸೇವಂತಿ, ಸೇವಂತಿ

"ಇವರೆಲ್ಲಾ ಯಾಕೆ ಸೇವಂತಿ ಸೇವಂತಿ ಅಂತ ಹಾಡ್ತಿದಾರೆ?"

ಪೋಲೆಂಡಿನ ಕ್ರಾಕುವ್‌ನಲ್ಲಿ, ಸಕಲ ಸಂತರ ಹಬ್ಬದ ಬಲಿಪೂಜೆಯ (ಚರ್ಚಿನ ಆರಾಧನೆಯ) ನಡುವೆ, ಬೆಂಗಳೂರಿನಿಂದ ಬಂದ ಮಗುವಿನ ಪ್ರಶ್ನೆ ಇದು. ಪೋಲಿಷ್‌ನಲ್ಲಿ 'ಪವಿತ್ರ' ಅಂದರೆ ಶ್ಫ್ಯೆಂತಿ. ಮೂರು ಸಲ ಎಳೆದು ಹಾಡಿದರೆ ಕನ್ನಡದ ಕಿವಿಗೆ ಹೂವೇ. ತಿದ್ದಬೇಕು, ಆದರೆ ತಿದ್ದುವ ಮನಸ್ಸಾಗುವುದಿಲ್ಲ. ಬೈಬಲಿನ ಯೆಶಾಯ 6ರಲ್ಲಿ ಸ್ವರ್ಗದವರು ಹಾಡಿದ ಹಾಡು ಅದು. ಪೂಜೆಯಲ್ಲಿ ಹೊಸದಾಗಿ ಶುರು ಮಾಡುವುದಲ್ಲ, ಅಲ್ಲಿ ನಡೆಯುತ್ತಲೇ ಇರುವುದಕ್ಕೆ ನಾವು ದನಿಗೂಡಿಸುವುದು. ತೀರಿಹೋದವರೂ ಆ ಮೇಳದಲ್ಲೇ ಇದ್ದಾರೆಂಬ ನಂಬಿಕೆ.

ಅವತ್ತಿನ ಮೊದಲ ವಾಚನ ಪ್ರಕಟನಾ ಗ್ರಂಥದ 7ನೇ ಅಧ್ಯಾಯ: ಸಕಲ ಕುಲ, ಸಕಲ ಭಾಷೆಗಳ ಎಣಿಸಲಾರದಷ್ಟು ಜನ, ಬಿಳಿ ನಿಲುವಂಗಿ. ಅದೇ ನವೆಂಬರ್ 1ರಂದು ಊರಲ್ಲಿ ರಾಜ್ಯೋತ್ಸವ. ಇಲ್ಲೂ ರಜೆ, ಅಲ್ಲೂ ರಜೆ, ಕಾರಣ ಮಾತ್ರ ಬೇರೆ. ಸ್ವರ್ಗದಲ್ಲಿ ಕನ್ನಡ ಇರುತ್ತಾ ಎಂದು ಮಗು ಕೇಳಿದರೆ ಈ ವಾಚನವನ್ನೇ ತೋರಿಸಬಹುದು.

ಪೂಜೆ ಮುಗಿದ ಮೇಲೆ ಬಿಡುವಿಲ್ಲ, ತೀರಿಹೋದವರ ಗೋರಿಗೆ ದೀಪ ಇಡಬೇಕು. ಇಲ್ಲಿನ ಸಮಾಧಿ ದೀಪಕ್ಕೆ ಜ್ನಿಚ್ ಎನ್ನುತ್ತಾರೆ: ಗಾಜಿನ ಗೂಡು, ತೂತಿನ ಮುಚ್ಚಳ, ಒಳಗೆ ಬದಲಾಯಿಸಬಹುದಾದ ಮೇಣದ ಡಬ್ಬಿ. 24 ಗಂಟೆಯದೂ ಸಿಗುತ್ತದೆ, 72ರದೂ ಸಿಗುತ್ತದೆ. ಬತ್ತಿ ಆಳದಲ್ಲಿರುವುದರಿಂದ ಬೆಂಕಿಕಡ್ಡಿ ಕೈ ಸುಡುತ್ತದೆ, ಉದ್ದ ಮೂತಿಯ ಲೈಟರ್ ಬೇಕು. ಡಬ್ಬಿ ವಾಲಿದರೆ ಕರಗಿದ ಮೇಣ ಒಂದು ಕಡೆ ನಿಂತು ಬತ್ತಿ ಮುಳುಗುತ್ತದೆ. ಮುಚ್ಚಳದ ತೂತಿಗೆ ಒದ್ದೆ ಎಲೆ ಅಂಟಿದರೆ ಗಾಳಿಯಾಡದೆ ಆರುತ್ತದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಟಪ್ಪನೆ ಸೀಳು. ಇಷ್ಟೆಲ್ಲಾ ಹೇಳಿಕೊಟ್ಟದ್ದು ಎದುರು ಮನೆಯ ಅಜ್ಜಿ.

ಸೇವಂತಿಗೆಯೂ ಉಂಟು, ಬೇಕಾದಷ್ಟು. ಎಲ್ಲವೂ ಕುಂಡದಲ್ಲಿ. ಮಾರು ಹಾಕಿ ಅಳೆದು ಕೊಡುವ ಕಟ್ಟಿದ ಹೂವಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಮ್ಮ ಕೈ ಚಾಚಿ ಅಳೆದು, ಕೊಸರಿಗೆ ಒಂದು ಗೇಣು ಬಿಟ್ಟು ಕತ್ತರಿಸುವ ಆ ಗಳಿಗೆ ಯಾವ ಕುಂಡದಲ್ಲೂ ಬೆಳೆಯುವುದಿಲ್ಲ.

ಊರಲ್ಲಿ ಅಮ್ಮನ ಗೋರಿಗೆ ಸುಣ್ಣ ಬಳಿಯುವ ಕೆಲಸ? ಅದನ್ನು ಫೋನಿನಲ್ಲೇ ದುಡ್ಡು ಹಾಕಿ ಮಾಡಿಸುವುದಾಗಿದೆ. ಒಂದು ಕಿಲೋ ಸುಣ್ಣಕ್ಕೆ ಐದು ಲೀಟರ್ ನೀರು, ರಾತ್ರಿಯೇ ನೆನೆಸಿ, ಸೋಸಿ, ಅಂಟು ಹಾಕಿ, ಚಿಟಿಕೆ ನೀಲಿ. ಅಂಟು ಮರೆತರೆ ಮುಟ್ಟಿದವರ ಸೀರೆಯೆಲ್ಲಾ ಬಿಳಿ. ಹಿಂಗಾರಿನ ಮಳೆ ನೋಡಿಕೊಂಡು ಎರಡು ದಿನ ಮೊದಲೇ ಬಳಿಯಬೇಕು. ಹಿಂದಿನ ಸಂಜೆ ಬಳಿದರೆ ಬೆಳಿಗ್ಗೆಗೆ ಕಣ್ಣೀರಿಟ್ಟಂತೆ ಇಳಿದಿರುತ್ತದೆ. ಇದೆಲ್ಲಾ ಗೊತ್ತಿದ್ದೂ ದೂರದಲ್ಲಿ ಕೂತು ಹೇಳುವುದು, ಮಾಡುವವರು ಬೇರೆ. ಬಂದ ಫೋಟೋದಲ್ಲಿ ಅಮ್ಮನ ಹೆಸರಿಗೆ ಒತ್ತಕ್ಷರವೇ ಇಲ್ಲ. ತಿದ್ದಿಸಿ ಎನ್ನಲು ಬಾಯಿ ಬರುವುದಿಲ್ಲ. ಯಾವ ಮುಖ ಇಟ್ಟುಕೊಂಡು?

ಸಂಜೆ ನಾಲ್ಕೂವರೆಗೇ ಕತ್ತಲು. 1803ರಲ್ಲಿ ತೆರೆದ ರಾಕೊವಿಟ್ಸ್ಕಿ ಸ್ಮಶಾನದಲ್ಲಿ ಕಣ್ಣು ಹಾಯಿಸಿದಷ್ಟೂ ದೀಪ. ಅಜ್ಜಿ ತಮ್ಮವರ ಗೋರಿ ಮುಗಿಸಿ, ಏನೂ ಕೇಳದೆ, ಕೈ ಹಿಡಿದು ದೊಡ್ಡ ಶಿಲುಬೆಯ ಬಳಿ ಕರೆದೊಯ್ದರು. ದೂರದೂರಲ್ಲಿ ಮಣ್ಣಾದವರ ದೀಪ ಅಲ್ಲಿ ಇಡುತ್ತಾರೆ. ನವೆಂಬರ್ 1ರಿಂದ 8ರವರೆಗೆ ಸ್ಮಶಾನದಲ್ಲಿ ಪ್ರಾರ್ಥಿಸಿ ತೀರಿಹೋದವರಿಗಾಗಿ ಪಡೆಯುವ ಪಾಪದಂಡನೆಯ ವಿಮೋಚನೆಗೂ ಯಾವ ಸ್ಮಶಾನವಾದರೂ ಆದೀತು, ಸ್ವಂತದ್ದೇ ಆಗಬೇಕೆಂದಿಲ್ಲ. ಧರ್ಮಸಭೆಯ ಲೆಕ್ಕ ಅಷ್ಟು ಉದಾರ, ಹೊಟ್ಟೆಯೊಳಗಿನ ಲೆಕ್ಕ ಬೇರೆ.

ಮಗು ಕುಂಡದ ಹೂ ಕಿತ್ತು ಉಲ್ಲನ್ ದಾರಕ್ಕೆ ಪೋಣಿಸಿ ತಂದಿತ್ತು. ಕೈ ಚಾಚಿ ಅಳೆದು, "ಒಂದು ಮಾರು" ಎಂದಿತು. ಕಾದ ಗಾಜಿಗೆ ತಗುಲೀತೆಂದು ನಾಲ್ಕು ಬೆರಳು ದೂರ ಇಡಿಸಬೇಕಾಯಿತು.

ಮರುದಿನ, ಮೃತರ ಸ್ಮರಣೆಯ ದಿನ, ಮಧ್ಯಾಹ್ನ ಹನ್ನೆರಡೂವರೆಗೆ, ಬೆಂಗಳೂರಿನ ಸಂಜೆ ಐದಕ್ಕೆ, ಹೊಸೂರು ರಸ್ತೆಯ ಸ್ಮಶಾನದಿಂದ ಕರೆ ಬಂತು. ಗುರುಗಳು ತೀರ್ಥ ಚಿಮುಕಿಸುತ್ತಿದ್ದರು, ಹಿಂದೆ 'ಪವಿತ್ರ'ದ ಹಾಡು. "ಸೇವಂತಿ!" ಎಂದು ಮಗು ಕೂಗಿತು. ಅರ್ಧ ಗಂಟೆ ಬಿಟ್ಟು ಮತ್ತೆ ವಿಚಾರಿಸಿದರೆ, "ಮಳೆ ಹಿಡೀತು, ಬತ್ತಿ ಎಲ್ಲಾ ಆರೋಯ್ತು. ನಿಮ್ಮ ಕಡೇದು ಇನ್ನೂ ಉರೀತಿದೆಯಾ?"