ಕರೆಂಟು ಹೋಗಿ ಬಂದ ಮೇಲೂ ಪ್ರಿಂಟ್ ಬರಬೇಕು

15 ಜೂನ್ 2025, ಭಾನುವಾರ
ಸಾಗರ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಹನ್ನೊಂದು ಗಂಟೆಯೊಳಗೆ ಮೂರು ಸಲ ಕರೆಂಟು ಹೋಗಿ ಬಂತು. ಮೂರನೇ ಸಲ ಬಂದಾಗ ಮಗಳು ಒಳಗಿಂದ ಕೂಗಿದಳು. "ಅಪ್ಪಾ, ಪ್ರಿಂಟ್ ಮತ್ತೆ ಬರ್ತಿಲ್ಲ!"

ನಾಳೆ ಅವಳು ಶರಾವತಿ ಬಗ್ಗೆ ಎಂಟು ಪುಟ ಬರೆದು ಶಾಲೆಗೆ ಕೊಡಬೇಕು. ಬರೆದದ್ದು ಮುಗಿದಿದೆ, ಚಿತ್ರ ಹಾಕಿಯೂ ಆಗಿದೆ. ಕಾಗದದ ಮೇಲೆ ಬಂದಿಲ್ಲ ಅಷ್ಟೆ. ಮಳೆಗಾಲ ಶುರುವಾದಾಗಿನಿಂದ ನಮ್ಮನೆಯಲ್ಲಿ ಇದೇ ಕಥೆ. ನಾನು ಮನೆಯಲ್ಲಿದ್ದರೆ ಏನೋ ಒಂದು ಮಾಡಿ ಸರಿ ಮಾಡುತ್ತಿದ್ದೆ. ನಾನಿಲ್ಲದ ದಿನ ಪೆನ್ ಡ್ರೈವ್ ಹಿಡಿದುಕೊಂಡು, ಕೊಡೆ ಹಿಡಿದುಕೊಂಡು ಪೇಟೆಯ ಝೆರಾಕ್ಸ್ ಅಂಗಡಿಗೆ ಹೋಗಬೇಕು. ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಅನ್ನು ಮನೆಯಲ್ಲಿ ಹಾಕಿದವನು ನಾನು. ಹಾಗಾಗಿ ಇದನ್ನು ಬುಡದಿಂದಲೇ ನೋಡೋಣ ಎಂದು ಇವತ್ತು ಕೂತೆ.

ಇಷ್ಟು ದಿನ ಡ್ರೈವರ್, ಅಂದರೆ ಪ್ರಿಂಟರಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶದ ಮೇಲೆ ಅನುಮಾನ ಇತ್ತು. ಎರಡು ಸಲ ತೆಗೆದು ಮತ್ತೆ ಹಾಕಿದ್ದೆ. ಇವತ್ತು ಮೊದಲು ಕ್ಯೂ, ಅಂದರೆ ಪ್ರಿಂಟಿಗೆ ಕಾಯುವ ಕೆಲಸಗಳ ಸಾಲು ನೋಡಿದೆ. ಮಗಳು ಐದು ಸಲ ಒತ್ತಿದ್ದಳು, ಐದೂ ಅಲ್ಲೇ ಕೂತಿದ್ದವು. ಪ್ರಿಂಟರ್ ಇಲ್ಲ ಅಥವಾ ಸದ್ಯ ಸಿಗುತ್ತಿಲ್ಲ ಎಂದು ಪಕ್ಕದಲ್ಲೇ ತೋರಿಸುತ್ತಿತ್ತು. ಪ್ರಿಂಟರ್ ನೋಡಿದರೆ ಹಸಿರು ದೀಪ ಹಾಕಿಕೊಂಡು ಆರಾಮಾಗಿ ಕೂತಿದೆ! ಅದರ ಪುಟ್ಟ ಪರದೆಯಲ್ಲಿ ನೆಟ್‌ವರ್ಕ್ ವಿವರ ತೆಗೆದೆ. ವಿಳಾಸ 192.168.1.11 ಎಂದಿತ್ತು. ಕಂಪ್ಯೂಟರ್ ಕಳಿಸುತ್ತಿದ್ದದ್ದು 192.168.1.7ಕ್ಕೆ. ಹಾಗಾದರೆ 7 ಯಾರು? ಮನೆಗೆಲ್ಲ ವೈಫೈ ಕೊಟ್ಟು, ಪ್ರತಿ ಸಾಧನಕ್ಕೂ ಇಂಥ ಒಂದು ವಿಳಾಸ ಹಂಚುವ ರೂಟರಿನ ಪುಟ ತೆಗೆದು ಪಟ್ಟಿ ನೋಡಿದೆ. ನನ್ನ ಹೆಂಡತಿಯ ಮೊಬೈಲು!

ಆಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಕರೆಂಟು ಹೋದರೆ ರೂಟರ್ ಆರುತ್ತದೆ. ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಎನ್ನುವುದು ಅದಕ್ಕೆ ಮರೆತುಹೋಗುತ್ತದೆ. ಮತ್ತೆ ಹತ್ತಿಕೊಂಡಾಗ ಮೊದಲು ಕೇಳಿದವರಿಗೆ ಮೊದಲ ನಂಬರ್. ಮೊಬೈಲಿಗೆ ಬ್ಯಾಟರಿ ಇದೆ, ವೈಫೈ ಕಂಡ ಕೂಡಲೇ ಸೇರಿಕೊಳ್ಳುತ್ತದೆ. ಪ್ರಿಂಟರ್ ಬಿಸಿಯಾಗಿ, ಗರಗರ ತಿರುಗಿ, ಎದ್ದು ಕೂರುವ ಹೊತ್ತಿಗೆ ಅದರ ಹಳೆ ನಂಬರ್ ಬೇರೆಯವರ ಪಾಲಾಗಿರುತ್ತದೆ. ಡ್ರೈವರ್ ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಮಾಡಿದ್ದು ಇಷ್ಟು. ನೆಟ್‌ವರ್ಕಿಗೆ ಸೇರುವ ಪ್ರತಿ ಪ್ರಿಂಟರಿಗೂ ಹುಟ್ಟಿನಿಂದ ಬಂದ ಒಂದು ಮ್ಯಾಕ್ ವಿಳಾಸ ಇರುತ್ತದೆ, ಅಂಕಿ, ಅಕ್ಷರ ಸೇರಿದ ಆರು ಜೋಡಿ. ಅದನ್ನು ರೂಟರಿನಲ್ಲಿ ಬರೆದು, ಇದಕ್ಕೆ ಯಾವಾಗಲೂ 192.168.1.50 ಮಾತ್ರ ಕೊಡು ಎಂದು ಕಟ್ಟಿಹಾಕಿದೆ. ಹಳೆ ಕ್ಯೂ ಅಳಿಸಿದೆ. ಹೊಸದನ್ನು ಐಪಿಪಿ (ನೆಟ್‌ವರ್ಕಿನಲ್ಲಿ ಪ್ರಿಂಟ್ ಕಳಿಸುವ ಒಂದು ವಿಧಾನ) ಮೂಲಕ 50ಕ್ಕೇ ಸೇರಿಸಿದೆ, ಮಾದರಿ ಕೇಳಿದ ಕಡೆ 'ಎವೆರಿವೇರ್' ಎಂದು ಕೊಟ್ಟೆ. ಡ್ರೈವರ್ ಬೇಕಾಗಲೇ ಇಲ್ಲ. ಏರ್‌ಪ್ರಿಂಟ್ (ಡ್ರೈವರ್ ಇಲ್ಲದೆ ಪ್ರಿಂಟ್ ಮಾಡುವ ಆಪಲ್ ಕಂಪನಿಯ ವ್ಯವಸ್ಥೆ) ಗುರುತು ಇರುವ ಈಚಿನ ಪ್ರಿಂಟರುಗಳು ಸಾಮಾನ್ಯವಾಗಿ ತಮಗೆ ಏನು ಬರುತ್ತೆ, ಯಾವ ಅಳತೆಯ ಕಾಗದ, ಎರಡೂ ಬದಿ ಆಗುತ್ತಾ ಎಂಬುದನ್ನೆಲ್ಲ ಕೇಳಿದರೆ ತಾವೇ ಹೇಳುತ್ತವೆ. ಹೊಸದಾಗಿ ಕೊಳ್ಳುವವರು ಡಬ್ಬದ ಮೇಲೆ ಆ ಗುರುತು ನೋಡಿಕೊಳ್ಳಿ. ಡ್ರೈವರ್ ಹುಡುಕುವ ಕಷ್ಟ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗಿಯುತ್ತದೆ.

ಇನ್ನೊಂದು ತೊಂದರೆ ಉಳಿದಿತ್ತು. ಪುಟ ಬರುತ್ತಿರುವಾಗಲೇ ಕರೆಂಟು ಹೋದರೆ ಕ್ಯೂ ಪೂರ್ತಿ ನಿಂತುಬಿಡುತ್ತಿತ್ತು. ಆಮೇಲೆ ಯಾರಾದರೂ ಹೋಗಿ ಮತ್ತೆ ಶುರು ಮಾಡಬೇಕು, ಆ ಯಾರಾದರೂ ಅಂದರೆ ನಾನೇ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 ಎಂದು ಹೊಡೆದರೆ ಲಿನಕ್ಸಿನಲ್ಲಿ ಪ್ರಿಂಟಿನ ಕೆಲಸ ನೋಡಿಕೊಳ್ಳುವ ಕಪ್ಸ್ ತಂತ್ರಾಂಶದ ಪುಟ ತೆರೆಯುತ್ತದೆ. ಅಲ್ಲಿ ಎರರ್ ಪಾಲಿಸಿ, ಅಂದರೆ ತಪ್ಪಾದಾಗ ಏನು ಮಾಡಬೇಕು ಎಂಬುದು, 'ಪ್ರಿಂಟರ್ ನಿಲ್ಲಿಸು' ಎಂದಿತ್ತು. 'ಮತ್ತೆ ಪ್ರಯತ್ನಿಸು' ಎಂದು ಬದಲಾಯಿಸಿದೆ. ಅದೇ ಪುಟದಲ್ಲಿ ಕಾಗದದ ಅಳತೆ ಅಮೆರಿಕದಲ್ಲಿ ಬಳಸುವ ಲೆಟರ್ ಎಂದಿತ್ತು, ಅದನ್ನೂ ಎ4 ಮಾಡಿದೆ. ಟ್ರೇ ತುಂಬ ಕಾಗದ ಇದ್ದರೂ ಕಾಗದ ಹಾಕಿ ಎಂದು ದೀಪ ಮಿನುಗುವುದು ಈ ಕಾರಣಕ್ಕೂ ಇರಬಹುದು, ಒಮ್ಮೆ ನೋಡಿಕೊಳ್ಳಿ.

ಈ ಕಪ್ಸ್ ಅನ್ನು ಬರೆದದ್ದು ಮೈಕೆಲ್ ಸ್ವೀಟ್. 1999ರಿಂದ ಜನರ ಕೈಯಲ್ಲಿದೆ. ಈಗ ಓಪನ್‌ಪ್ರಿಂಟಿಂಗ್ ಬಳಗ ನೋಡಿಕೊಳ್ಳುತ್ತಿದೆ. ಎಲ್ಲೋ ಕೂತು ಇವರೆಲ್ಲ ಮಾಡಿದ ಕೆಲಸ ಸಾಗರದ ಒಂದು ಮನೆಯಲ್ಲಿ ಮಗುವಿನ ಪಾಠಕ್ಕೆ ಆಗುತ್ತಿದೆ. ಅವರ ಮೇಲೆ ನನಗೆ ನಿಜವಾಗಿ ಪ್ರೀತಿ ಇದೆ.

ಮಧ್ಯಾಹ್ನ ಅಮ್ಮನ ಸರದಿ. ಅವರ ಸಂಘದ ಸಭೆಯ ನೋಟಿಸು ವಾಟ್ಸಾಪಿನಲ್ಲಿ ಬಂದಿತ್ತು, ವರ್ಡ್ ಫೈಲು. ತೆರೆದರೆ ಒಂದು ಅಕ್ಷರವೂ ಕನ್ನಡ ಇಲ್ಲ, ಬರೀ ಗೀಟು, ಚುಕ್ಕಿ, ತಲೆ ಮೇಲೆ ಕೊಂಬಿರುವ ಇಂಗ್ಲಿಷ್ ಅಕ್ಷರ. ಎಲ್ಲ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆ ಫಾಂಟ್ ನಮ್ಮಲ್ಲಿ ಇಲ್ಲದಿದ್ದರೆ ಪ್ರಿಂಟರ್ ತಾನೇ ಏನು ಮಾಡೀತು? ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಒತ್ತಕ್ಷರ ಒಂದೆರಡು ಕಡೆ ತಿದ್ದಿ, ಗುಬ್ಬಿ ಫಾಂಟಿಗೆ ಬದಲಾಯಿಸಿದೆ. "ಅಕ್ಷರ ದೊಡ್ಡ ಮಾಡಾ, ಕನ್ನಡಕ ಇಲ್ದೇ ಓದೋ ಹಾಂಗಿರ್ಲಿ" ಎಂದರು ಅಮ್ಮ. 16ಕ್ಕೆ ಏರಿಸಿದೆ. ಕಳಿಸುವವರು ಪಿಡಿಎಫ್ ಮಾಡಿ ಕಳಿಸಿದರೆ ಫಾಂಟ್ ಅದರೊಳಗೇ ಸೇರಿಕೊಂಡು ಬರುತ್ತದೆ, ಯಾರಿಗೂ ಈ ಕಷ್ಟ ಇರುವುದಿಲ್ಲ. ಸಂಘದವರಿಗೆ ಹೇಳಲು ಅಮ್ಮನಿಗೆ ಹೇಳಿದ್ದೇನೆ.

ಒಂದು ಕಷ್ಟ ಮಾತ್ರ ಕಂಪ್ಯೂಟರಿನದ್ದಲ್ಲ. ಈ ಮಳೆಗೆ ಟ್ರೇಯಲ್ಲಿಟ್ಟ ಕಾಗದ ತೇವ ಎಳೆದು ಮೆತ್ತಗಾಗುತ್ತದೆ. ಒಂದು ಹಾಳೆ ಎಳೆದರೆ ಎರಡು ಬರುತ್ತದೆ, ತುದಿ ಸುರುಳಿ ಸುತ್ತಿ ಒಳಗೆ ಸಿಕ್ಕಿಕೊಳ್ಳುತ್ತದೆ. ಇವತ್ತು ನೋಟಿಸಿನ ಮೂರನೇ ಪ್ರತಿಗೆ ಹಾಗೇ ಆಯ್ತು. ಹಿಂದಿನ ಬಾಗಿಲು ತೆಗೆದು ಎಳೆದಾಗ ಹಾಳೆ ಬಿಸಿಬಿಸಿಯಾಗಿ, ಒದ್ದೆ ಬಟ್ಟೆಗೆ ಇಸ್ತ್ರಿ ಹಾಕಿದ ಹಾಗೆ ಇತ್ತು. ಹಪ್ಪಳ ಇಡುವ ದೊಡ್ಡ ಡಬ್ಬಿ ಒಂದನ್ನು ಅಮ್ಮ ಖಾಲಿ ಮಾಡಿಕೊಟ್ಟರು. ಇನ್ನು ಕಾಗದದ ಕಟ್ಟು ಅದರೊಳಗೆ. ಟ್ರೇಗೆ ಬೇಕಾದಾಗ ಇಪ್ಪತ್ತು ಹಾಳೆ ಹಾಕಿದರೆ ಸಾಕು.

ಸಂಜೆ ಏಳೂಕಾಲಿಗೆ ಮತ್ತೆ ಕರೆಂಟು ಹೋಯಿತು. ನಾನು ಅದಕ್ಕೇ ಕಾಯುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಬಂತು. ಹೆಂಡತಿಯ ಮೊಬೈಲು ಮೊದಲು ಸೇರಿಕೊಂಡಿತು. ಪ್ರಿಂಟರ್ ನಿಧಾನಕ್ಕೆ ಎದ್ದಿತು. ಪರದೆ ನೋಡಿದೆ, 192.168.1.50. ಮಗಳಿಗೆ ಹೇಳಿದೆ, "ನೀನೇ ಒತ್ತು, ನಾನು ಮುಟ್ಟಲ್ಲ."

ಒಂದೇ ಸಲ ಒತ್ತಿದಳು. ಎಂಟೂ ಪುಟ ಬಂತು. ಕೊನೆ ಪುಟದಲ್ಲಿ ಲಿಂಗನಮಕ್ಕಿ ಚಿತ್ರ, ಕೆಳಗೆ ಅವಳೇ ಬರೆದ ಸಾಲು: ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಇನ್ನೂ ಬೆಚ್ಚಗಿದ್ದ ಹಾಳೆಗಳನ್ನು ಜೋಡಿಸಿ, ಸ್ಟೇಪಲ್ ಹೊಡೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲಿಟ್ಟಳು.