ರಿವರ್ಸ್‌ಗೆ ಹಾಕಿದ ಕೂಡಲೇ ‘ಧಡ್’: ಗೇರ್‌ಬಾಕ್ಸ್ ಇಳಿಸುವ ಮುಂಚೆ ನೋಡಬೇಕಾದ್ದು

ಗ್ಯಾರೇಜಿನ ಜಾಬ್ ಕಾರ್ಡಿನಲ್ಲಿ ‘ರಿವರ್ಸ್ ಹಾಕಿದರೆ ಸೌಂಡ್’ ಅಂತ ಒಂದೇ ಸಾಲು ಬರೆದಿದ್ದರೆ ಆ ಕಾರ್ಡ್ ಇದ್ದೂ ಇಲ್ಲದ ಹಾಗೆ. ಗಾಡಿ ಆಟೋಮ್ಯಾಟಿಕ್ ಆಗಿದ್ದರೆ, ತಂದವರು ಹೊರಡುವ ಮೊದಲೇ ಮೂರು ವಿಷಯ ಕೇಳಿಕೊಳ್ಳಿ. ಸದ್ದು ಪಿ (ಪಾರ್ಕಿಂಗ್) ಇಂದ ಆರ್‌ಗೆ (ರಿವರ್ಸ್) ಎಳೆದಾಗಲೋ, ಎನ್ (ನ್ಯೂಟ್ರಲ್) ಇಂದ ಆರ್‌ಗೆ ಹಾಕಿದಾಗಲೂ ಇದೆಯೋ? ಲಿವರ್ ಎಳೆದ ಕ್ಷಣಕ್ಕೆ ಬರುತ್ತದೋ, ಬ್ರೇಕ್ ಬಿಟ್ಟು ಗಾಡಿ ಕದಲಿದಾಗಲೋ? ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಮಾತ್ರವೋ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೆಂದು ಬಂದ ಮೇಲೂ ಇದೆಯೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಹುಡುಕಾಟ ಮುಗಿದಂತೆ. ಸದ್ದು ಅಂದ ಕೂಡಲೇ ಬಾಕ್ಸ್ ಓವರ್‌ಹಾಲ್‌ಗೆ ಎಸ್ಟಿಮೇಟ್ ಬರೆದುಕೊಡುವವರು ನಮ್ಮೂರಲ್ಲಿ ಕಡಿಮೆಯೇನಿಲ್ಲ. ಆದರೆ ಈ ಕಂಪ್ಲೇಂಟಿನಲ್ಲಿ ತಪ್ಪು ಬಹಳ ಸಲ ಬಾಕ್ಸಿನ ಹೊರಗೇ ಇರುತ್ತದೆ.

ಮೊದಲು ಬಾಕ್ಸ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಎಎಂಟಿ ಗಾಡಿಯನ್ನೂ ಜನ ಆಟೋಮ್ಯಾಟಿಕ್ ಅಂತಲೇ ಕರೆಯುತ್ತಾರೆ. ಅದರೊಳಗಿರುವುದು ಮಾಮೂಲಿ ಮ್ಯಾನುಯಲ್ ಬಾಕ್ಸ್. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಆಕ್ಚುಯೇಟರ್‌ನದು. ಅಲ್ಲಿ ಲಿವರ್ ಎಳೆದಾಗ ಸಣ್ಣಗೆ ‘ಟಕ್’ ಅನ್ನುವುದು ಸಹಜ. ಬ್ರೇಕ್ ಬಿಟ್ಟಾಗ ಗಾಡಿ ಜಗ್ಗಿದರೆ ಕ್ಲಚ್ ಸವೆತ ನೋಡಿ, ಸ್ಕ್ಯಾನರ್ ಹಾಕಿ ಕ್ಲಚ್ ಲರ್ನಿಂಗ್ (ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಂಪ್ಯೂಟರ್‌ಗೆ ಮತ್ತೆ ಕಲಿಸುವುದು) ಮಾಡಿಸಬೇಕು. ಕೆಳಗೆ ಹೇಳುವುದು ಮುಖ್ಯವಾಗಿ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಇರುವ ಗಾಡಿಗಳಿಗೆ. ಮೌಂಟಿನ (ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಬಾಡಿಗೆ ಹಿಡಿದಿಡುವ ರಬ್ಬರ್ ಆಸರೆ) ಮಾತು ಮಾತ್ರ ಎಲ್ಲಕ್ಕೂ ಅನ್ವಯಿಸುತ್ತದೆ.

ಪಿ ಇಂದ ತೆಗೆಯುವಾಗ ಮಾತ್ರ ಸದ್ದು, ಅದೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಲ್ಲಿಸಿದ್ದಾಗ ಮಾತ್ರ ಅಂದರೆ ಸ್ಪ್ಯಾನರ್ ಮುಟ್ಟುವ ಅಗತ್ಯವೇ ಇಲ್ಲ. ಗಾಡಿಯ ಇಡೀ ಭಾರ ಬಾಕ್ಸಿನೊಳಗಿನ ಪಾರ್ಕಿಂಗ್ ಪಾಲ್ (ಪಿ ಹಾಕಿದಾಗ ಗಾಡಿ ಉರುಳದಂತೆ ತಡೆಯುವ ಕೊಕ್ಕೆ) ಮೇಲೆ ಕೂತಿರುತ್ತದೆ, ಲಿವರ್ ಎಳೆದಾಗ ಅದು ಕಿತ್ತುಕೊಂಡು ಹೊರಬರುತ್ತದೆ. ನಿಲ್ಲಿಸುವ ಕ್ರಮ ಹೀಗಿರಲಿ: ಬ್ರೇಕ್ ಒತ್ತಿಕೊಂಡೇ ಎನ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸ್ವಲ್ಪ ಸಡಿಲಿಸಿ, ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ನಿಂತ ಮೇಲೆ ಮತ್ತೆ ಬ್ರೇಕ್ ಒತ್ತಿ ಪಿ. ಇದರಿಂದ ಸದ್ದು ಹೋದರೆ ಅಲ್ಲಿಗೆ ಮುಗಿಯಿತು.

ತಣ್ಣಗಿದ್ದಾಗ ಮಾತ್ರ ಅಂದರೆ ಐಡ್ಲಿಂಗ್ ನೋಡಿ. ಸ್ಟಾರ್ಟ್ ಆದ ತಕ್ಷಣ ಆರ್‌ಪಿಎಂ 1200 ದಾಟಿರುವುದುಂಟು. ಆಗಲೇ ಆರ್‌ಗೆ ಎಳೆದರೆ ಧಡ್ ಅನ್ನದೆ ಇನ್ನೇನು. ಸೂಜಿ ಇಳಿಯುವವರೆಗೆ ಕಾಯಲು ಹೇಳಿ. ಎಂಜಿನ್ ಪೂರ್ತಿ ಬಿಸಿಯಾಗಿ, ಎಸಿ ಆಫ್ ಇದ್ದಾಗ ಹೆಚ್ಚಿನ ಪೆಟ್ರೋಲ್ ಕಾರುಗಳು 650ರಿಂದ 800ರ ಒಳಗೆ ನಿಲ್ಲಬೇಕು. ನಿಲ್ಲದಿದ್ದರೆ ಥ್ರಾಟಲ್ ಬಾಡಿಯ ಮಸಿ, ವ್ಯಾಕ್ಯೂಮ್ ಹೋಸಿನ ಸೀಳು ಹುಡುಕಿ.

ಇನ್ನು ಮೌಂಟ್. ನನ್ನ ಮಟ್ಟಿಗೆ ಮೊದಲ ಅನುಮಾನ ಯಾವಾಗಲೂ ಇದರ ಮೇಲೆಯೇ. ಅಡ್ಡಲಾಗಿ ಕೂತ ಎಂಜಿನ್ ಡಿ (ಡ್ರೈವ್) ಹಾಕಿದಾಗ ಹಿಂದಕ್ಕೆ ವಾಲುತ್ತದೆ, ಆರ್ ಹಾಕಿದಾಗ ಮುಂದಕ್ಕೆ. ರಬ್ಬರ್ ಒಂದೇ ಬದಿಗೆ ಹರಿದಿದ್ದರೆ ಡಿ ನಲ್ಲಿ ಸದ್ದೇ ಇರುವುದಿಲ್ಲ, ಆರ್ ನಲ್ಲಿ ಲೋಹಕ್ಕೆ ಲೋಹ ಬಡಿಯುತ್ತದೆ. ಜೊತೆಗೆ ಬಹುತೇಕ ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಆಯಿಲ್ ಪ್ರೆಷರ್ ಹೆಚ್ಚು ಕೊಡುವುದರಿಂದ ಹೊಡೆತವೂ ಜೋರು. ‘ಡಿ ಸ್ಮೂತ್ ಇದೆ, ಹಾಗಾದರೆ ಮೌಂಟ್ ಸರಿ’ ಅನ್ನುವ ಲೆಕ್ಕ ಇದಕ್ಕೇ ತಪ್ಪುವುದು.

ಪರೀಕ್ಷೆ ಸುಲಭ, ಹುಷಾರಿರಬೇಕು ಅಷ್ಟೆ. ಸಮತಟ್ಟು ಜಾಗ, ಚಕ್ರಗಳಿಗೆ ಅಡ್ಡಗಲ್ಲು, ಹ್ಯಾಂಡ್‌ಬ್ರೇಕ್, ಒಳಗೆ ಕೂತವರ ಕಾಲು ಬ್ರೇಕ್ ಮೇಲೆ ಗಟ್ಟಿಯಾಗಿ. ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಬಾನೆಟ್ ಎತ್ತಿ ಮಡ್‌ಗಾರ್ಡ್ ಪಕ್ಕದಿಂದ ನೋಡಿ. ಎನ್, ಆರ್, ಎನ್, ಡಿ ಅಂತ ಒಂದೊಂದಕ್ಕೂ ಎರಡು ಮೂರು ಸೆಕೆಂಡ್ ಕೊಟ್ಟು ಬದಲಿಸಲಿ, ಆಕ್ಸಿಲರೇಟರ್ ಮುಟ್ಟಬಾರದು. ಫೋನಿನ ಸ್ಲೋ ಮೋಷನ್‌ನಲ್ಲಿ ವೀಡಿಯೊ ತೆಗೆದರೆ ಕಣ್ಣಿಗೆ ತಪ್ಪಿದ್ದೂ ಸಿಗುತ್ತದೆ. ಎಂಜಿನ್ ಅರ್ಧ ಇಂಚಿನಷ್ಟು ವಾಲಿದರೆ ಚಿಂತೆಯಿಲ್ಲ. ಒಂದು ಇಂಚು ದಾಟಿ ಕುಪ್ಪಳಿಸಿದರೆ ಮೌಂಟ್ ಹೋಗಿದೆ. ಆಮೇಲೆ ಗಾಡಿ ಲಿಫ್ಟ್‌ಗೆ ಹಾಕಿ ಟಾರ್ಕ್ ರಾಡಿನ (ಎಂಜಿನ್ ವಾಲುವುದನ್ನು ತಡೆಯುವ ಮೌಂಟ್) ಬುಷ್‌ಗೆ ಪ್ರೈ ಬಾರ್ (ಮೀಟುಗೋಲು) ಕೊಟ್ಟು ಎರಡೂ ಕಡೆಗೆ ಮೀಟಿ. ಮೀಟಿದಾಗ ರಬ್ಬರಿನ ಬಿರುಕು ಬಾಯಿ ಬಿಡುತ್ತದೆ, ಸುಮ್ಮನೆ ನೋಡಿದರೆ ಮುಚ್ಚಿಕೊಂಡಿರುತ್ತದೆ. ಎಂಜಿನ್ ಬದಿಯ ಮೌಂಟ್ ಹಲವು ಕಾರುಗಳಲ್ಲಿ ದ್ರವ ತುಂಬಿದ್ದು. ಅದರ ಕೆಳಗೆ ಕಪ್ಪು ಜಿಡ್ಡಿನ ಕಲೆ ಕಂಡರೆ ಒಳಗಿನದು ಸೋರಿದೆ ಅಂತ ಅರ್ಥ. ಎಂಜಿನ್ ಕುಸಿದಾಗ ಸೈಲೆನ್ಸರ್ ಪೈಪ್ ಕ್ರಾಸ್ ಮೆಂಬರ್‌ಗೆ (ಗಾಡಿ ಅಡಿಯ ಅಡ್ಡ ತೊಲೆ) ತಾಗಿ ಅಂಥದ್ದೇ ಸದ್ದು ಮಾಡುತ್ತದೆ, ಪೈಪಿನ ಮೇಲೆ ಹೊಳೆಯುವ ಗುರುತು ಇದೆಯಾ ನೋಡಿ.

ಟಾರ್ಕ್ ರಾಡ್ ಒಂದನ್ನೇ ಬದಲಿಸಿದರೂ ನಡೆಯುತ್ತದೆ. ಆದರೆ ಎಂಜಿನ್ ಬದಿಯದು ಕುಸಿದಿದ್ದರೆ ಗೇರ್‌ಬಾಕ್ಸ್ ಬದಿಯದನ್ನೂ ಬಿಚ್ಚಿ ನೋಡದೆ ಬಿಡಬೇಡಿ, ಹಳೆಯದರ ಭಾರ ಅಷ್ಟೂ ದಿನ ಅದರ ಮೇಲಿತ್ತು. ಜೆ.ಸಿ. ರಸ್ತೆಯಲ್ಲಿ ಅಗ್ಗದ ಮೌಂಟ್ ಬೇಕಾದಷ್ಟು ಸಿಗುತ್ತವೆ. ರಬ್ಬರ್ ಗಡುಸಾಗಿರುವಂಥದ್ದನ್ನು ಹಾಕಿದರೆ ಧಡ್ ಹೋಗಿ, ಎಸಿ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ. ಗಾಡಿ ವಾಪಸ್ ಬರುತ್ತದೆ. ಕೂರಿಸುವಾಗ ಬೋಲ್ಟ್‌ಗಳನ್ನೆಲ್ಲ ಮೊದಲು ಕೈಯಲ್ಲೇ ಹಿಡಿಸಿ, ಎಂಜಿನ್ ಅಲ್ಲಾಡಿಸಿ ತನ್ನ ಜಾಗಕ್ಕೆ ಬರಲು ಬಿಟ್ಟು, ಕಡೆಗೆ ಟಾರ್ಕ್ ರೆಂಚ್ ಹಾಕಿ.

ಬ್ರೇಕ್ ಬಿಟ್ಟು ಗಾಡಿ ಹಿಂದಕ್ಕೆ ಕದಲಿದಾಗ ಒಂದೇ ಒಂದು ‘ಟಕ್’ ಬಂದು, ಮತ್ತೆ ಮುಂದಕ್ಕೆ ಹೋಗಿ ಬ್ರೇಕ್ ಹಾಕುವವರೆಗೂ ಬರದಿದ್ದರೆ ಅದು ಬ್ರೇಕ್ ಪ್ಯಾಡ್ ಬ್ರಾಕೆಟ್ಟಿನೊಳಗೆ ಸರಿಯುವ ಸದ್ದು. ಕ್ಲಿಪ್ ಬದಲಿಸಿ. ದಪ್ಪ ‘ದೊಡ್’ ಆದರೆ ಲೋಯರ್ ಆರ್ಮಿನ (ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು) ಹಿಂದಿನ ಬುಷ್. ನಮ್ಮ ಹಂಪುಗಳಿಗೆ ಇದು ಬೇಗ ಸೋಲುತ್ತದೆ. ಹೊಸದರ ಬೋಲ್ಟನ್ನು ಚಕ್ರ ನೆಲದ ಮೇಲಿದ್ದಾಗಲೇ ಪೂರ್ತಿ ಬಿಗಿ ಮಾಡಿ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿ ಮಾಡಿದರೆ ಬುಷ್ ತಿರುಚಿಕೊಂಡೇ ಇದ್ದು ಹರಿಯುತ್ತದೆ.

ಇನ್ನೋವಾ ಕ್ರಿಸ್ಟಾ, ಫಾರ್ಚೂನರ್‌ನಂಥ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್) ನೋಡದೆ ಬಿಡಬೇಡಿ. ಚಕ್ರಕ್ಕೆ ಅಡ್ಡಗಲ್ಲಿಟ್ಟು, ಎನ್‌ನಲ್ಲಿ, ಎಂಜಿನ್ ಆಫ್ ಮಾಡಿ ಶಾಫ್ಟನ್ನು ಕೈಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿ. ಸ್ವಲ್ಪ ಆಟ ಡಿಫರೆನ್ಷಿಯಲ್‌ನಲ್ಲಿ ಇದ್ದೇ ಇರುತ್ತದೆ. ಆದರೆ ಕ್ರಾಸಿನ (ಶಾಫ್ಟಿನ ಕೀಲು) ಕಪ್ ಬಳಿಯೇ ಆಟ ಕಂಡರೆ, ಕಪ್ ಸುತ್ತ ತುಕ್ಕಿನ ಪುಡಿ ಉದುರಿದ್ದರೆ ಕ್ರಾಸ್ ಬದಲಿಸಿ. ಗ್ರೀಸ್ ನಿಪ್ಪಲ್ ಇದ್ದರೆ ಹಳೆ ಗ್ರೀಸ್ ಹೊರಬರುವ ತನಕ ಹೊಡೆಯಿರಿ.

ಲಿವರ್ ಎಳೆದು, ಒಂದು ಗಳಿಗೆ ಏನೂ ಆಗದೆ, ಆಮೇಲೆ ಧಡ್ ಅಂದರೆ ಮಾತ್ರ ಬಾಕ್ಸಿನ ಕಡೆ ತಿರುಗಿ. ಟೊಯೋಟಾದ ರಿಪೇರಿ ಮ್ಯಾನುಯಲ್ ಪುಸ್ತಕಗಳಲ್ಲಿ ಇದಕ್ಕೊಂದು ಪರೀಕ್ಷೆಯಿದೆ: ಎಟಿಎಫ್ (ಆಟೋಮ್ಯಾಟಿಕ್ ಬಾಕ್ಸಿನ ಆಯಿಲ್) 50ರಿಂದ 80 ಡಿಗ್ರಿ, ಎಸಿ ಆಫ್, ಎನ್ ಇಂದ ಡಿ ಗೆ 1.2 ಸೆಕೆಂಡ್, ಎನ್ ಇಂದ ಆರ್‌ಗೆ 1.5 ಸೆಕೆಂಡಿನ ಒಳಗೆ ಗೇರ್ ಹಿಡಿಯಬೇಕು. ನಡುವೆ ಒಂದು ನಿಮಿಷ ಬಿಟ್ಟು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಎರಡೂ ತಡವಾದರೆ ಆಯಿಲ್ ಮಟ್ಟ, ಪ್ರೆಷರ್. ಆರ್ ಮಾತ್ರ ತಡವಾದರೆ ರಿವರ್ಸಿನ ಕ್ಲಚ್ ಅಥವಾ ಅದರ ಸೀಲು.

ಮಟ್ಟ ನೋಡುವುದರಲ್ಲೇ ಬಹಳ ಜನ ಎಡವುತ್ತಾರೆ. ಡಿಪ್‌ಸ್ಟಿಕ್ ಇಲ್ಲದ ಹಲವು ಆರು ಸ್ಪೀಡ್ ಬಾಕ್ಸ್‌ಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ, ಎಟಿಎಫ್ ಸುಮಾರು 35ರಿಂದ 45 ಡಿಗ್ರಿ ಇರುವಾಗ ಓವರ್‌ಫ್ಲೋ ಪ್ಲಗ್ ತೆಗೆದು ನೋಡಬೇಕು. ಆ ಮಾಡೆಲ್ಲಿನ ಅಂಕಿ ಮ್ಯಾನುಯಲ್‌ನಲ್ಲಿರುತ್ತದೆ. ಉಷ್ಣಾಂಶವನ್ನು ಸ್ಕ್ಯಾನರ್‌ನಲ್ಲಿ ಓದಿ, ಕೈ ಇಟ್ಟು ಅಂದಾಜು ಮಾಡಬೇಡಿ. ತೀರಾ ಬಿಸಿಯಿದ್ದಾಗ ತೆಗೆದರೆ ಹಿಗ್ಗಿದ ಆಯಿಲ್ ಚೆಲ್ಲಿ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಸಂಪ್ (ಬಾಕ್ಸಿನ ಅಡಿಯ ಆಯಿಲ್ ತಟ್ಟೆ) ಇಳಿಸಿ ಅದರೊಳಗಿನ ಮ್ಯಾಗ್ನೆಟ್ ನೋಡಿ: ನುಣ್ಣನೆ ಬೂದು ಪೇಸ್ಟ್ ಇದ್ದರೆ ಮಾಮೂಲು ಸವೆತ, ಚೂರುಗಳಿದ್ದರೆ ಬಾಕ್ಸ್ ಬಿಚ್ಚಲೇಬೇಕು. ಆಯಿಲ್ ಬದಲಿಸಿದ ಮೇಲೆ, ವಾಲ್ವ್ ಬಾಡಿಗೆ (ಬಾಕ್ಸಿನೊಳಗೆ ಆಯಿಲ್ ಪ್ರೆಷರ್ ಹಂಚುವ ಭಾಗ) ಕೈ ಹಾಕುವ ಮುಂಚೆ, ಆ ಮಾಡೆಲ್ಲಿಗೆ ಇದ್ದರೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಷನ್ (ಬಾಕ್ಸಿನ ಕಂಪ್ಯೂಟರ್ ಕಲಿತಿಟ್ಟುಕೊಂಡ ಲೆಕ್ಕ) ರಿಸೆಟ್ ಮಾಡಿ ಲರ್ನಿಂಗ್ ಪೂರ್ತಿ ಮುಗಿಸಿ, ಆಮೇಲೆ ಗೇರ್ ಹಿಡಿಯುವ ಸಮಯದ ಆ ಮೂರು ಅಳತೆ ಮತ್ತೊಮ್ಮೆ ತೆಗೆಯಿರಿ.